ಗೃಹೋಪಯೋಗಿ ವಿಚಾರಗಳು: ಗಾಡಿಮನೆಯ ಸ್ಟೀರಿಯೋ

ಇಂಗ್ಲೆಂಡಿನಲ್ಲಿ ನೆಲಸಿರುವ ತಮ್ಮ ಮಗನು ಹಳೆಯ ಕ್ಯಾರವಾನೊಂದನ್ನು ಕೊಂಡು, ಅದರಲ್ಲಿ ಕೆಟ್ಟುಹೋಗಿದ್ದ ಸ್ಟೀರಿಯೋವನ್ನು ತೆಗೆದು ಹೊಸದನ್ನು ಇರಿಸಿದನೆಂದೂ, ಗಾಡಿಯ ಮುಖ್ಯ ಸ್ವಿಚ್ಚನ್ನು ಆರಿಸಿದೊಡನೆ ಅದು ರೇಡಿಯೋ ನಿಲಯಗಳನ್ನೆಲ್ಲ ಮರೆತುಬಿಡುವುದೆಂದೂ, ಎಡಗಡೆಯಿಂದ ಧ್ವನಿಯೇ ಹೊರಡದೆಂದೂ ವಾಚಕ ಮಹಾಶಯರೊಬ್ಬರು ಬರೆದಿರುವರು. ಯಂತ್ರವನ್ನು ಅಂಗಡಿಗೆ ಹಿಂದಿರುಗಿಸಬೇಕೇ ಎಂಬುದು ಅವರ ಪ್ರಶ್ನೆ. ಅವಸರ ಬೇಡ. ಇಂಥ ಲಕ್ಷಣಗಳಿಗೆ ಕಾರಣವು ಬಹುಮಟ್ಟಿಗೆ ಯಂತ್ರದಲ್ಲಿರದೆ ತಂತಿಗಳ ಜೋಡಣೆಯಲ್ಲಿರುವುದು.

ಕ್ಯಾರವಾನೆಂದರೆ ಮೋಟಾರಿನ ಹಿಂದೆ ಕಟ್ಟಿ ಎಳೆದೊಯ್ಯತಕ್ಕ ಗಾಡಿಮನೆ. ಅದರಲ್ಲಿ ಎರಡು ಬಗೆಯ ವಿದ್ಯುತ್ತುಂಟು: ಬೀಡುಬಿಟ್ಟ ಸ್ಥಳದಲ್ಲಿ ಹೊರಗಿನಿಂದ ಪಡೆಯುವ ೨೩೦ ವೋಲ್ಟಿನದು ಒಂದು, ಬ್ಯಾಟರಿಯ ೧೨ ವೋಲ್ಟಿನದು ಇನ್ನೊಂದು. ಸ್ಟೀರಿಯೋವಿಗೆ ಎರಡನೆಯದೇ ಬೇಕು, ಮೊದಲನೆಯದು ಪ್ರಾಣಾಪಾಯಕರ. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ಹೊರಗಿನ ಕೇಬಲನ್ನು ಕಿತ್ತು ದೂರವಿಡತಕ್ಕದ್ದು. ಪರೀಕ್ಷೆಯ ಸಮಯದಲ್ಲಿ ಮಾತ್ರ ಬ್ಯಾಟರಿಯಿರಲಿ. ತಂತಿಗಳನ್ನು ಕೂಡಿಸುವಾಗ ಅದರ ಋಣಾಗ್ರವನ್ನೂ ಬಿಡಿಸಬೇಕು.

ನಮ್ಮ ನೈಯಾಯಿಕರು ಪ್ರಮಾಣಗಳಲ್ಲಿ ಪ್ರತ್ಯಕ್ಷವನ್ನೇ ಮೊದಲೆಣಿಸುವರು. ತಂತಿಯ ಬಣ್ಣವು ಬರಿಯ ಅನುಮಾನಕ್ಕೆ ಆಧಾರ. ಮಲ್ಟಿಮೀಟರಿನ ಅಂಕಿಯು ಪ್ರತ್ಯಕ್ಷ. ಸ್ಟೀರಿಯೋಗಳಲ್ಲಿ ಸಾಮಾನ್ಯವಾಗಿ ಹಳದಿಯು ನಿತ್ಯಶಕ್ತಿಗೆ, ಕೆಂಪು ಚಾಲನೆಗೆ, ಕಪ್ಪು ಋಣಾಗ್ರಕ್ಕೆ. ಆದರೆ ಗಾಡಿಯ ಗೋಡೆಯಿಂದ ಬರುವ ತಂತಿಗೂ ಅದೇ ಬಣ್ಣ, ಅದೇ ಅರ್ಥವಿರಬೇಕೆಂಬ ನಿಯಮವಿಲ್ಲ. ಬಣ್ಣಕ್ಕೆ ಬಣ್ಣವನ್ನು ಕೂಡಿಸುವುದರಿಂದಲೇ ಅನರ್ಥಗಳು ಹುಟ್ಟುವುವು.

ನಿಲಯಗಳ ನೆನಪನ್ನು ಕಾಯುವುದು ಹಳದಿ ತಂತಿ. ಮೋಟಾರಿನಲ್ಲಿ ಕೆಂಪಿಗೆ ಮಾತ್ರ ಬೀಗದ ಕೈಯ ಹಂಗುಂಟು. ಕ್ಯಾರವಾನಿನಲ್ಲಿ ಅಂಥ ಕೈಯಿಲ್ಲವಾದುದರಿಂದ, ಎರಡನ್ನೂ ಮುಖ್ಯ ಸ್ವಿಚ್ಚಿನ ಆಚೆಗೆ ಕೂಡಿಸಿಬಿಡುವುದುಂಟು. ಸ್ವಿಚ್ಚನ್ನು ಆರಿಸಿ, ಹಳದಿಗೂ ಕಪ್ಪಿಗೂ ನಡುವೆ ಮೀಟರನ್ನು ಹಿಡಿಯಲಿ. ಸೊನ್ನೆ ತೋರಿದರೆ ಇದೇ ದೋಷ. ಹಳದಿಯನ್ನು ಫ್ಯೂಸಿನ ಮೂಲಕ ನೇರವಾಗಿ ಬ್ಯಾಟರಿಗೆ ಒಯ್ದು, ಕೆಂಪಿಗೆ ಬೇರೊಂದು ಸಣ್ಣ ಸ್ವಿಚ್ಚನ್ನು ಹಾಕುವುದು ಪರಿಹಾರ. ೧೨ ವೋಲ್ಟು ತೋರಿಯೂ ಮರೆವು ನಿಲ್ಲದಿದ್ದರೆ ಹಳದಿ ಕೆಂಪುಗಳು ಪ್ಲಗ್ಗಿನಲ್ಲಿ ಅದಲುಬದಲಾಗಿವೆಯೇ ಎಂದು ನೋಡಬೇಕು. ಹಳದಿಯು ಸದಾ ಸ್ವಲ್ಪ ವಿದ್ಯುತ್ತನ್ನು ಹೀರುವುದರಿಂದ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವಾಗ ಬ್ಯಾಟರಿಯನ್ನು ಬಿಡಿಸಿಡುವುದೇ ಲೇಸು. ನೆನಪು ಹೋದರೂ ಬ್ಯಾಟರಿ ಉಳಿಯುವುದು.

ಇನ್ನು ಧ್ವನಿಯ ವಿಚಾರ. ಎಡ ಸ್ಪೀಕರಿನ ಎರಡು ತಂತಿಗಳನ್ನೂ ಯಂತ್ರದಿಂದ ಬಿಡಿಸಿ, ೧.೫ ವೋಲ್ಟಿನ ಸಣ್ಣ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಲಿ. ಟಕ್ಕೆಂದರೆ ಸ್ಪೀಕರೂ ತಂತಿಯೂ ಕ್ಷೇಮ. ದೋಷವನ್ನು ಯಂತ್ರದ ಬಳಿಯ ಜೋಡಣೆಯಲ್ಲಿ ಹುಡುಕಬೇಕು. ಸದ್ದಿಲ್ಲದಿದ್ದರೆ ತಂತಿ ತುಂಡಾಗಿರಬೇಕು, ಇಲ್ಲವೆ ಸ್ಪೀಕರು ಕೆಟ್ಟಿರಬೇಕು. ಗೋಡೆಯಿಂದ ಎರಡು ಸ್ಪೀಕರುಗಳಿಗೆ ನಾಲ್ಕರ ಬದಲು ಮೂರೇ ತಂತಿಗಳು ಬಂದಿದ್ದರೆ ವಿಶೇಷ ಎಚ್ಚರ ಬೇಕು. ಕೆಲವು ಹಳೆಯ ಯಂತ್ರಗಳಿಗೆ ಎರಡು ಸ್ಪೀಕರುಗಳಿಗೂ ಒಂದೇ ಋಣತಂತಿ ಸಾಕಾಗಿತ್ತು. ಈಗಿನವುಗಳಲ್ಲಿ ಪ್ರತಿ ಸ್ಪೀಕರಿನ ಎರಡು ತಂತಿಗಳಲ್ಲಿಯೂ ಶಕ್ತಿಯಿರುವುದು. ಅವನ್ನು ಒಂದಕ್ಕೊಂದಾಗಲಿ, ಕಪ್ಪಿಗಾಗಲಿ ಕೂಡಿಸಿದರೆ ಯಂತ್ರವು ಮೂಕವಾಗುವುದು, ಸುಟ್ಟರೂ ಸುಡಬಹುದು. ಹೊಸದಾಗಿ ನಾಲ್ಕನೆಯ ತಂತಿಯನ್ನು ಎಳೆಯದೆ ಗತ್ಯಂತರವಿಲ್ಲ. ಉಪಯೋಗಿಸದ ಹಿಂಬದಿಯ ತಂತಿಗಳ ತುದಿಗಳನ್ನು ಒಂದೊಂದಾಗಿ ಟೇಪಿನಿಂದ ಸುತ್ತಿಡಬೇಕು.

ಫ್ಯೂಸು ಹೋದರೆ ದಪ್ಪನೆಯದನ್ನು ಹಾಕುವ ಚಪಲವು ಕೂಡದು. ಮರವೂ ಬಟ್ಟೆಯೂ ತುಂಬಿದ, ಮಕ್ಕಳು ಮಲಗುವ ಗಾಡಿಯಲ್ಲಿ ಫ್ಯೂಸಿಗೆ ಬದಲಾಗಿ ಉರಿಯುವುದು ತಂತಿ. ಯಂತ್ರದ ಮೇಲೆ ಬರೆದ ಆಂಪಿಯರಿನದನ್ನೇ ಹಾಕಿ, ಅದು ಹೋದುದಕ್ಕೆ ಕಾರಣವನ್ನು ಹುಡುಕತಕ್ಕದ್ದು. ಎಲ್ಲವೂ ಸರಿಹೋದ ಮೇಲೆ ಪ್ರತಿ ತಂತಿಗೂ ಅದರ ಕೆಲಸವನ್ನು ಬರೆದ ಚೀಟಿಯನ್ನು ಅಂಟಿಸಿದರೆ, ಮುಂದೆ ಬಿಚ್ಚುವವರಿಗೆ ಬಣ್ಣವನ್ನು ನಂಬುವ ಕಷ್ಟ ತಪ್ಪುವುದು.