ನಾಚಿಕೆ ಬಿಡೋಣ, ನಡಿಗೆ ಹಿಡಿಯೋಣ

ಜ್ವರ ಬಂದರೆ ಆಸ್ಪತ್ರೆಗೆ ಹೋಗುವ ನಮ್ಮ ಗಂಡಸರು, ದಾಂಪತ್ಯದಲ್ಲಿ ದೌರ್ಬಲ್ಯ ಕಾಣಿಸಿಕೊಂಡಾಗ ಮಾತ್ರ ಯಾರಿಗೂ ಹೇಳದೆ ಸಂತೆಯ ಮೂಲೆಯಲ್ಲಿ ಮಾರುವ ಪುಡಿ, ಗುಳಿಗೆಗಳಿಗೆ ಕೈಯೊಡ್ಡುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಸದ್ಭಕ್ತರೊಡನೆ ಈ ಕುರಿತು ಮುಕ್ತವಾಗಿ ಮಾತನಾಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ. ಶರಣರು ದಾಂಪತ್ಯವನ್ನು ಸಾಧನೆಗೆ ಅಡ್ಡಿಯೆಂದು ಕಾಣಲಿಲ್ಲ. ಅದರ ಆರೋಗ್ಯದ ಬಗ್ಗೆ ನಮಗೇಕೆ ಸಂಕೋಚ?

ಪುರುಷನ ಲೈಂಗಿಕ ಸಾಮರ್ಥ್ಯಕ್ಕೆ ಸುಗಮ ರಕ್ತಸಂಚಾರವೇ ಮುಖ್ಯ ಆಧಾರ. ಜನನಾಂಗದ ರಕ್ತನಾಳಗಳು ಹೃದಯದ ನಾಳಗಳಿಗಿಂತ ಕಿರಿದು. ತಂಬಾಕು, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡಗಳಿಂದ ನಾಳಗಳು ಕೆಡತೊಡಗಿದರೆ ಅದರ ಮೊದಲ ಸೂಚನೆ ಅಲ್ಲಿಯೇ ಕಾಣಬಹುದು. ಹೃದಯದ ತೊಂದರೆ ಕೆಲವು ವರ್ಷಗಳ ತರುವಾಯ ತಲೆದೋರಬಹುದು. ಆದ್ದರಿಂದ ಇದನ್ನು ಅವಮಾನವೆಂದು ಮುಚ್ಚಿಡದೆ ಎಚ್ಚರಿಕೆಯೆಂದು ತಿಳಿಯಬೇಕು. ಹೆಸರಿಲ್ಲದ ಪುಡಿಗಳಲ್ಲಿ ಉತ್ತೇಜಕ ಔಷಧವನ್ನು ಗುಟ್ಟಾಗಿ ಬೆರೆಸಿರುವುದು ಹಲವು ಬಾರಿ ಪತ್ತೆಯಾಗಿದೆ. ಎದೆನೋವಿಗೆ ನೈಟ್ರೇಟ್ ಗುಳಿಗೆ ಸೇವಿಸುವವರು ಅಂಥದನ್ನು ತೆಗೆದುಕೊಂಡರೆ ರಕ್ತದೊತ್ತಡ ಒಮ್ಮೆಲೇ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು.

ಮಾಡಬೇಕಾದದ್ದೇನು? ಮೊದಲು ಗುಟ್ಕಾ, ಬೀಡಿ, ಮದ್ಯಗಳನ್ನು ತೊರೆಯಬೇಕು. ಎರಡನೆಯದು ನಡಿಗೆ. ಕೊಟ್ಟೂರು ಗುರುಬಸವೇಶ್ವರರ ತೇರಿಗೆ ದೂರದೂರುಗಳಿಂದ ಪಾದಯಾತ್ರೆ ಬರುವ ನಾವೇ ಉಳಿದ ದಿನಗಳಲ್ಲಿ ಪಕ್ಕದ ಹೊಲಕ್ಕೂ ಬೈಕ್ ಏರುತ್ತೇವೆ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಬಿರುಸಾಗಿ ನಡೆಯೋಣ. ಮಿರ್ಚಿ-ಮಂಡಕ್ಕಿ ಅಪರೂಪಕ್ಕಿರಲಿ, ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ನಿತ್ಯದ ಊಟವಾಗಲಿ. ರಾತ್ರಿ 7 ತಾಸು ನಿದ್ರೆ ಬೇಕು. ಬೆಳೆಗೆ ಔಷಧಿ ಹೊಡೆಯುವಾಗ ಮುಖ, ಮೈಕೈ ಮುಚ್ಚಿಕೊಳ್ಳಬೇಕು. ಕೆಲವು ಕೀಟನಾಶಕಗಳು ವೀರ್ಯಾಣುಗಳಿಗೂ ಹಾನಿಕರ.

ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ಆದುದರಿಂದ ಒಳ್ಳೆಯ ರೂಢಿಗಳ ಫಲಕ್ಕೆ ಮೂರು ತಿಂಗಳಾದರೂ ತಾಳ್ಮೆಯಿಂದ ಕಾಯಬೇಕು. ಮಕ್ಕಳಾಗದ ಮನೆಗಳಲ್ಲಿ ಸೊಸೆಯೊಬ್ಬಳನ್ನೇ ದೂರುವುದು ಘೋರ ಅನ್ಯಾಯ. ಇಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಹರಕೆ ಹೊರಿಸಿ ಹೆಣ್ಣನ್ನು ಊರೂರು ಅಲೆದಾಡಿಸುವ ಬದಲು ಗಂಡನೂ ಪರೀಕ್ಷೆಗೆ ಒಳಗಾಗಲಿ.

ತೊಂದರೆ ಕಂಡವರು ನಾಳೆ ಎನ್ನದೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿಕೊಳ್ಳಲಿ. ಸಾಧ್ಯವಾದರೆ ಪತ್ನಿಯನ್ನೂ ಜೊತೆಗೆ ಕರೆದೊಯ್ಯಲಿ. ಕಾಯಕಕ್ಕೆ ಕಾಯವೇ ಆಧಾರ. ಅದರ ಕಷ್ಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದರಲ್ಲಿ ಯಾವ ಕುಂದೂ ಇಲ್ಲ.