ಸ್ಟಿಕರ್ ಆಮೇಲೆ, ಮೊದಲು ಬೀರು ಉಜ್ಜಿ (ಭಾಗ 3)

ಹಳೇ ಮರದ ಬೀರು, ಮೇಲೊಂದು ಹೂವಿನ ಸ್ಟಿಕರ್, ಹತ್ತು ಸೆಕೆಂಡಲ್ಲಿ "ಹೊಸ ಬೀರು"! ಇಂಥ ರೀಲ್ಸ್ ನಂಬಿ ದುಡ್ಡು ಹಾಳು ಮಾಡ್ಕೋಬೇಡಿ. ಸ್ಟಿಕರ್ ಅಂಟೋದು ಮರಕ್ಕಲ್ಲ, ಮೇಲಿರೋ ಪೇಂಟಿಗೆ. ಆ ಪೇಂಟೇ ಹಪ್ಪಳದ ಥರ ಏಳ್ತಿದ್ರೆ ಸ್ಟಿಕರೂ ಅದರ ಜೊತೆ ಎದ್ದು ಬರುತ್ತೆ.

ಸೋಪ್ ನೀರಲ್ಲಿ ಜಿಡ್ಡು ತೆಗೀರಿ. 120 ನಂಬರ್ ಸ್ಯಾಂಡ್ ಪೇಪರ್, ಆಮೇಲೆ 220. ಪೂರ್ತಿ ಮರ ಕಾಣಬೇಕಿಲ್ಲ, ಸಡಿಲ ಪೇಂಟ್ ಉದುರಿ ಹೊಳಪು ಹೋದ್ರೆ ಸಾಕು. ಪ್ರೈಮರ್, ಎರಡು ತೆಳು ಕೋಟ್ ಎನಾಮೆಲ್. ಕೈಗೆ ಅಂಟಲ್ಲ ಅಂದ್ರೆ ಒಳಗೂ ಗಟ್ಟಿಯಾಗಿದೆ ಅಂತಲ್ಲ. ಒಂದು ವಾರ ಬಿಡಿ. ಅವಸರ ಮಾಡಿದ್ರೆ ಸ್ಟಿಕರ್ ಕೆಳಗೆ ಗುಳ್ಳೆ ಗ್ಯಾರಂಟಿ.

ನಂಗೆ ನಿಜಕ್ಕೂ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಉಜ್ಜೋದನ್ನ ತೋರಿಸೋ ಕೆಲವರೂ ಮಾಸ್ಕ್ ಹಾಕಲ್ಲ, ಪಕ್ಕದಲ್ಲೇ ಮಗು ಆಡ್ತಿರುತ್ತೆ. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ ದಾಟಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ. ಅಜ್ಜಿ ಕಾಲದ ಬೀರುವಿನ ಪೇಂಟಲ್ಲಿ ಎಷ್ಟಿದೆಯೋ! ಆ ಧೂಳು ಒಳಗೆ ಹೋದ್ರೆ ಮಕ್ಕಳ ಮಿದುಳಿಗೇ ಪೆಟ್ಟು. ಹಳೇ ಪೇಂಟ್ ಇದ್ರೆ ಅದೇ ನಂಬರಿನ ವಾಟರ್ ಪೇಪರ್ ತಗೊಳ್ಳಿ, ನೀರು ಹಾಕಿ ಉಜ್ಜಿ, ಮನೆ ಹೊರಗೆ, ಎನ್95 ಹಾಕ್ಕೊಂಡು. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ. ಚೆನ್ನಾಗಿ ಒಣಗಿದ ಮೇಲೇ ಪ್ರೈಮರ್.

ಆ ರೀಲ್ಸ್ ಕೆಳಗೆ "ಸ್ಟಿಕರ್ ಲಿಂಕ್ ಕೊಡಿ" ಅಂತ ಕೇಳೋರೇ, ಒಂದ್ಸಲ "ಮಾಸ್ಕ್ ಎಲ್ಲಿ?" ಅಂತಾನೂ ಕೇಳಿ.