ಸಮ್ಮಿಶ್ರ ಸರಕಾರದ ಚೌಕಾಶಿಯಲ್ಲಿ ಮಂಗಳೂರು ಎಲ್ಲಿದೆ?

2024ರ ಜೂನ್ 4ರ ಸಂಜೆ ಮಂಗಳೂರಿನ ಮುಸ್ಲಿಂ ಮೊಹಲ್ಲಾಗಳಲ್ಲಿ ಒಂದು ವಿಚಿತ್ರ ಸಮಾಧಾನವಿತ್ತು. ಸುರತ್ಕಲ್‌ನ ಮತ ಎಣಿಕೆ ಕೇಂದ್ರದಿಂದ ಬಂದ ಸುದ್ದಿಯಲ್ಲಿ ಹೊಸತೇನೂ ಇರಲಿಲ್ಲ. ಬಿಜೆಪಿಯ ಬ್ರಿಜೇಶ್ ಚೌಟ ಸುಮಾರು ಒಂದೂವರೆ ಲಕ್ಷ ಮತಗಳ ಅಂತರದಿಂದ ಗೆದ್ದಿದ್ದರು. ಆದರೆ ದಿಲ್ಲಿಯ ಲೆಕ್ಕ ಬೇರೆಯೇ ಆಗಿತ್ತು. ನಾನೂರು ದಾಟುತ್ತೇವೆ ಎಂದವರು 240ಕ್ಕೆ ನಿಂತಿದ್ದರು. ಬಹುಮತಕ್ಕೆ 272 ಬೇಕು. ‘ಇನ್ನು ಊರುಗೋಲು ಹಿಡಿದೇ ನಡೆಯಬೇಕು, ನಾಯ್ಡು ಇದ್ದಾರೆ, ನಿತೀಶ್ ಇದ್ದಾರೆ, ನಮ್ಮ ತಂಟೆಗೆ ಬರಲು ಬಿಡುವುದಿಲ್ಲ’ ಎಂಬ ಮಾತು ಚಾದಂಗಡಿಯಿಂದ ಮಸೀದಿಯ ಜಗಲಿಯವರೆಗೆ ಕೇಳಿಬಂತು.

ಈ ಸಮಾಧಾನ ಎಷ್ಟು ದಿನ ಬಾಳಿತು? ಜೂನ್ 9ರಂದು ಪ್ರಮಾಣ ವಚನ ಸ್ವೀಕರಿಸಿದ 72 ಮಂದಿಯ ಸಚಿವ ಸಂಪುಟದಲ್ಲಿ ಒಬ್ಬನೇ ಒಬ್ಬ ಮುಸ್ಲಿಮನಿರಲಿಲ್ಲ. ಮಿತ್ರಪಕ್ಷಗಳಿಗೂ ಒಬ್ಬ ಸಿಗಲಿಲ್ಲ. ಆಗಸ್ಟ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಬಂತು. 2025ರ ಏಪ್ರಿಲ್ 2ರ ಮಧ್ಯರಾತ್ರಿ ದಾಟಿದ ಮೇಲೆ ಲೋಕಸಭೆಯಲ್ಲಿ 288 ಮಂದಿ ಅದರ ಪರ, 232 ಮಂದಿ ವಿರುದ್ಧ ಮತ ಹಾಕಿದರು. ತೆಲುಗುದೇಶಂನ 16 ಮತ್ತು ಸಂಯುಕ್ತ ಜನತಾದಳದ 12 ಸದಸ್ಯರನ್ನು ಆಚೆ ಕೂರಿಸಿ ಲೆಕ್ಕ ಹಾಕಿ ನೋಡಿ. ಊರುಗೋಲು ಯಾರ ಕೈಯಲ್ಲಿತ್ತು, ಅದು ಯಾರ ಬೆನ್ನಿಗೆ ಬಿತ್ತು ಎಂಬುದು ಗೊತ್ತಾಗುತ್ತದೆ.

ಇಲ್ಲಿ ನಾಯ್ಡು, ನಿತೀಶ್ ಅವರನ್ನು ಬೈದು ಮುಗಿಸುವುದು ಸುಲಭ. ಆದರೆ ಅವರು ಸಮ್ಮಿಶ್ರ ಸರಕಾರದ ನಿಯಮಕ್ಕೆ ತಕ್ಕಂತೆಯೇ ನಡೆದುಕೊಂಡರು. 2024ರ ಜುಲೈ ಬಜೆಟ್‌ನಲ್ಲಿ ಅಮರಾವತಿ ರಾಜಧಾನಿಗೆ 15,000 ಕೋಟಿ ರೂಪಾಯಿಯ ವ್ಯವಸ್ಥೆಯಾಯಿತು. ಬಿಹಾರದ ರಸ್ತೆಗಳಿಗೆ 26,000 ಕೋಟಿ ಘೋಷಣೆಯಾಯಿತು. ಬೆಂಬಲ ಕೊಟ್ಟರು, ಬೆಲೆ ಪಡೆದರು. ಸಮ್ಮಿಶ್ರ ಸರಕಾರವೆಂದರೆ ಚೌಕಾಶಿ. ಚೌಕಾಶಿಯಲ್ಲಿ ಯಾರು ಏನನ್ನು ಪಟ್ಟಿ ಮಾಡಿ ಕೇಳುತ್ತಾರೋ ಅವರಿಗೆ ಅದು ಸಿಗುತ್ತದೆ. ಪಟ್ಟಿಯಲ್ಲಿ ನಮ್ಮ ಹೆಸರೇ ಇಲ್ಲದಿದ್ದರೆ ನಮ್ಮನ್ನು ಮಾರಿದರೆಂದು ದೂರುವುದಾದರೂ ಹೇಗೆ? ಕೊಂಡವರೇ ಇಲ್ಲವಲ್ಲ!

ನಮ್ಮದೇ ರಾಜ್ಯದ ಜಾತ್ಯತೀತ ಜನತಾದಳವನ್ನು ನೋಡೋಣ. 1995ರಲ್ಲಿ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದ ವರ್ಗಗಳ 2ಬಿ ಪ್ರವರ್ಗದಲ್ಲಿ ಮುಸ್ಲಿಮರಿಗೆ ಶೇ. 4ರ ಮೀಸಲಾತಿ ಜಾರಿಗೆ ಬಂತು. ಮರುವರ್ಷ ಅವರು ಸಂಯುಕ್ತ ರಂಗದ ಪ್ರಧಾನಿಯಾದಾಗ ಅವರ ಸಂಪುಟದಲ್ಲಿ ಸಿ.ಎಂ. ಇಬ್ರಾಹಿಂ ಇದ್ದರು. 2023ರ ಮಾರ್ಚ್‌ನಲ್ಲಿ ರಾಜ್ಯದ ಬಿಜೆಪಿ ಸರಕಾರ ಅದೇ ಶೇ. 4ನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರಿಂದ ಆ ಆದೇಶ ಜಾರಿಯಾಗಲಿಲ್ಲ ಎಂಬುದು ಬೇರೆ ಮಾತು. ಆರು ತಿಂಗಳು ತುಂಬುವ ಮೊದಲೇ ದೇವೇಗೌಡರ ಪಕ್ಷ ಅದೇ ಬಿಜೆಪಿಯ ಕೈ ಹಿಡಿಯಿತು. ಪ್ರಶ್ನಿಸಿದ ಇಬ್ರಾಹಿಂ ರಾಜ್ಯಾಧ್ಯಕ್ಷ ಸ್ಥಾನ ಕಳೆದುಕೊಂಡರು. ಎರಡು ಸ್ಥಾನ ಗೆದ್ದ ಪಕ್ಷಕ್ಕೆ ಉಕ್ಕು ಮತ್ತು ಬೃಹತ್ ಕೈಗಾರಿಕೆ ಖಾತೆ ದೊರೆಯಿತು. ಹೆಸರಿನೊಳಗಿನ ‘ಜಾತ್ಯತೀತ’ ಮಾತ್ರ ಹಾಗೆಯೇ ಉಳಿಯಿತು, ವ್ಯಾಪಾರ ನಿಂತ ಅಂಗಡಿಯ ಹಳೆಯ ಬೋರ್ಡಿನಂತೆ.

ಹಾಗಾದರೆ ಸಮ್ಮಿಶ್ರ ಸರಕಾರದಿಂದ ಒಳ್ಳೆಯದಾಗುವುದೇ ಇಲ್ಲವೇ? ಆಗಿದೆ. 2004ರಲ್ಲಿ ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳು ಅಧಿಕಾರಕ್ಕೆ ಬಂದಾಗ ಸಾಮಾನ್ಯ ಕನಿಷ್ಠ ಕಾರ್ಯಕ್ರಮವೊಂದು ಲಿಖಿತವಾಗಿ ಹೊರಬಂತು. ಎಡಪಕ್ಷಗಳು ಸಚಿವ ಸ್ಥಾನ ಬೇಡವೆಂದು ಹೊರಗಿನಿಂದ ಬೆಂಬಲಿಸಿ ಆ ಕಾಗದವನ್ನು ಮತ್ತೆ ಮತ್ತೆ ನೆನಪಿಸಿದವು. ಮಾಹಿತಿ ಹಕ್ಕು ಕಾಯ್ದೆ, ಉದ್ಯೋಗ ಖಾತರಿ ಕಾಯ್ದೆ 2005ರಲ್ಲಿ ಬಂದವು. ಅದೇ ವರ್ಷ ನೇಮಕಗೊಂಡ ಸಾಚಾರ್ ಸಮಿತಿಯ ವರದಿ 2006ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂತು. ಅದರ ಶಿಫಾರಸುಗಳೆಲ್ಲ ಜಾರಿಯಾಗಲಿಲ್ಲ ನಿಜ. ಆದರೆ ‘ಮುಸ್ಲಿಮರ ಓಲೈಕೆ’ ಎಂಬ ಸುಳ್ಳಿಗೆ ಸರಕಾರಿ ಅಂಕಿಅಂಶಗಳೇ ಉತ್ತರ ಹೇಳಿದವು. ಬರೆದಿಟ್ಟ ಕಾಗದವಿತ್ತು, ಕೇಳುವ ಬಾಯಿಯಿತ್ತು. ಎರಡೂ ಇದ್ದುದರಿಂದ ಅಷ್ಟಾದರೂ ಆಯಿತು.

ಈಗ ಮಂಗಳೂರಿಗೆ ಬರೋಣ. 1977ರಿಂದ ನಾಲ್ಕು ಬಾರಿ ಜನಾರ್ದನ ಪೂಜಾರಿಯವರನ್ನು ಗೆಲ್ಲಿಸಿದ ಈ ಕ್ಷೇತ್ರ 1991ರಲ್ಲಿ ಬಿಜೆಪಿಯ ವಿ. ಧನಂಜಯ ಕುಮಾರ್ ಅವರನ್ನು ಆರಿಸಿತು. ಅಲ್ಲಿಂದ 2024ರವರೆಗೆ ಒಂಬತ್ತು ಚುನಾವಣೆ, ಒಂಬತ್ತಕ್ಕೂ ಒಂದೇ ಉತ್ತರ. ದೇಶ 2004ರಲ್ಲಿ ಬೇರೆ ದಾರಿ ಹಿಡಿದಾಗಲೂ ಮಂಗಳೂರು ಡಿ.ವಿ. ಸದಾನಂದ ಗೌಡರನ್ನು ಕಳುಹಿಸಿತು. ಉತ್ತರ ಮೊದಲೇ ಗೊತ್ತಿರುವವರನ್ನು ಯಾರು ಪ್ರಶ್ನೆ ಕೇಳುತ್ತಾರೆ? ಗೆಲ್ಲಿಸಿದವರಿಗಾದರೂ ಏನು ಸಿಕ್ಕಿತು? 1931ರಲ್ಲಿ ಈ ಊರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬರೋಡಾದ ಪಾಲಾಯಿತು. ಮಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ಕಾರ್ಪೊರೇಶನ್ ಬ್ಯಾಂಕ್ 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಕರಗಿತು. ಆ ಬ್ಯಾಂಕುಗಳನ್ನು ಕಟ್ಟಿದವರು, ಅಲ್ಲಿ ದುಡಿದವರು, ಖಾತೆ ತೆರೆದವರು ಎಲ್ಲ ಜಾತಿ ಮತದವರು. ಭರ್ಜರಿ ಅಂತರದ ಗೆಲುವು ಅವುಗಳನ್ನು ಉಳಿಸಲಿಲ್ಲ.

ಇನ್ನು ಸೋತ ಕಡೆಯ ಕಥೆ. 2024ರಲ್ಲಿ ಕಾಂಗ್ರೆಸ್‌ನ ಪದ್ಮರಾಜ್ ಪೂಜಾರಿಯವರಿಗೆ ಬಿದ್ದ ಮತಗಳು ಆರು ಲಕ್ಷಕ್ಕಿಂತ ಹೆಚ್ಚು. ಅವುಗಳಲ್ಲಿ ಬಿಲ್ಲವರ, ಕ್ರೈಸ್ತರ, ದಲಿತರ ಮತಗಳೂ ಇವೆ. ಆದರೆ ಮುಸ್ಲಿಮರ ಮತವನ್ನು ಕಾಂಗ್ರೆಸ್ ಬ್ಯಾಂಕಿನ ಠೇವಣಿಯೆಂದೇ ಭಾವಿಸಿದೆ. ರಾಜ್ಯದ 28 ಕ್ಷೇತ್ರಗಳಲ್ಲಿ ಅದು ಮುಸ್ಲಿಮರಿಗೆ ಕೊಟ್ಟದ್ದು ಬೆಂಗಳೂರು ಕೇಂದ್ರದ ಒಂದೇ ಟಿಕೆಟ್. ಅಲ್ಲಿಯೂ ಸೋಲಾಯಿತು. 2004ರಲ್ಲಿ ಗುಲ್ಬರ್ಗಾದಿಂದ ಇಕ್ಬಾಲ್ ಅಹ್ಮದ್ ಸರಡಗಿ ಗೆದ್ದದ್ದೇ ಕೊನೆ, ಆಮೇಲೆ ಕರ್ನಾಟಕದಿಂದ ಲೋಕಸಭೆಗೆ ಒಬ್ಬ ಮುಸ್ಲಿಮನೂ ಆಯ್ಕೆಯಾಗಿಲ್ಲ. ಭಯದಿಂದ ಹಾಕುವ ಮತಕ್ಕೆ ಬೆಲೆ ಕಟ್ಟುವವರು ಯಾರು? ಅದು ಹೇಗೂ ಬರುತ್ತದೆ ಎಂದು ಕೇಳುವವನಿಗೂ ಗೊತ್ತು, ಕೊಡುವವನಿಗೂ ಗೊತ್ತು.

ಸಮುದಾಯದ ನಾಯಕರಿಗೂ ಎರಡು ಮಾತು ಹೇಳಬೇಕು. 2025ರ ಏಪ್ರಿಲ್ 18ರಂದು ಅಡ್ಯಾರ್‌ನಲ್ಲಿ ವಕ್ಫ್ ಕಾಯ್ದೆಯ ವಿರುದ್ಧ ಜನಸಾಗರ ಸೇರಿತು. ಶಾಂತವಾಗಿ ಬಂದು ಶಾಂತವಾಗಿ ಮರಳಿದ ಆ ಜನರ ಬಗ್ಗೆ ನಮಗೆ ಅಭಿಮಾನವಿದೆ. ಆದರೆ ಅಷ್ಟರಲ್ಲಿ ಮಸೂದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದಾಗಿತ್ತು. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಮಸೂದೆ ಮಂಡನೆಯಾದ ನಂತರ ಎಂಟು ತಿಂಗಳು ಕಾಲಾವಕಾಶವಿತ್ತು. ಜಂಟಿ ಸಂಸದೀಯ ಸಮಿತಿಗೆ ಅರ್ಜಿಗಳು ಹೋದವು, ಸರಿ. ಮಂಡ್ಯ, ಕೋಲಾರದ ಸಂಸದರ ಮನೆ ಬಾಗಿಲಿಗೆ ಅವರದೇ ಮತದಾರರನ್ನು ಕರೆದುಕೊಂಡು ಹೋಗುವ ಕೆಲಸ ಎಷ್ಟು ನಡೆಯಿತು? ನಮ್ಮ ಕ್ಷೇತ್ರದ ಸಂಸದರ ಬಳಿಗೆ ನಾವು ಮತ ಹಾಕಿಲ್ಲವೆಂದು ಹೋಗದಿರುವುದು ಯಾವ ನ್ಯಾಯ? ಗೆದ್ದ ಮೇಲೆ ಅವರು ಎಲ್ಲರ ಸಂಸದರು. ಸೋತವರೂ ತೆರಿಗೆ ಕಟ್ಟುತ್ತಾರೆ, ಲೆಕ್ಕ ಕೇಳುವ ಹಕ್ಕು ಅವರಿಗೂ ಇದೆ.

ನಿಜವಾದ ಮೈತ್ರಿ ದಿಲ್ಲಿಯ ಬಂಗಲೆಯಲ್ಲಿ ಹುಟ್ಟುವುದಿಲ್ಲ. ಮುಂಜಾನೆ ಬಂದರಿನ ದಕ್ಕೆಗೆ ಹೋಗಿ ನೋಡಿ. ಬೋಟು ಮೊಗವೀರರದು, ಮೀನು ಕೊಳ್ಳುವವರು ಬ್ಯಾರಿಗಳು, ಬುಟ್ಟಿ ಹೊರುವವರು ಎಲ್ಲೆಲ್ಲಿಂದಲೋ ಬಂದವರು. ಡೀಸೆಲ್ ಬೆಲೆ ಏರಿದರೆ ಮೂವರಿಗೂ ಏಟು. ಬೀಡಿ ಮಜೂರಿ ಕಡಿಮೆಯಾದರೆ ಬಿಲ್ಲವರ ಮನೆಯ ಒಲೆಯೂ ಬ್ಯಾರಿಯ ಮನೆಯ ಒಲೆಯೂ ಒಟ್ಟಿಗೆ ತಣ್ಣಗಾಗುತ್ತವೆ. ಶಿರಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದರೆ ಆಂಬ್ಯುಲೆನ್ಸ್‌ನಲ್ಲಿ ಮಲಗಿದವನ ಧರ್ಮವನ್ನು ಮಣ್ಣು ಕೇಳುವುದಿಲ್ಲ. ಮುಂದಿನ ಮಹಾಚುನಾವಣೆ 2029ಕ್ಕೆ. ಈ ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು, ಎಲ್ಲ ಸಮುದಾಯಗಳವರ ಸಹಿ ಹಾಕಿಸಿ, ಎಲ್ಲ ಪಕ್ಷಗಳ ಮುಂದಿಡಲು ಈಗಿನಿಂದಲೇ ತೊಡಗಬೇಕು. ಅದರಲ್ಲಿ ವಕ್ಫ್ ಆಸ್ತಿಯ ರಕ್ಷಣೆಯೂ ಇರಲಿ, ಬೀಡಿ ಕಾರ್ಮಿಕರ ಪಿಂಚಣಿಯೂ ಇರಲಿ. ಒಪ್ಪುವವರು ಲಿಖಿತವಾಗಿ ಒಪ್ಪಲಿ. ಒಪ್ಪದವರು ಯಾಕೆ ಒಪ್ಪುವುದಿಲ್ಲವೆಂದು ಹಂಪನಕಟ್ಟೆಯಲ್ಲಿ ನಿಂತು ಹೇಳಲಿ. ಆ ಹಾಳೆ ಕೈಯಲ್ಲಿಲ್ಲದೆ ಮತಗಟ್ಟೆಗೆ ಹೋದರೆ, ಯಾರದೋ ಊರುಗೋಲು ನಮ್ಮನ್ನು ಕಾಯುತ್ತದೆಂದು ಇನ್ನೊಂದು ಫಲಿತಾಂಶದ ಸಂಜೆಯೂ ಕಾಯುತ್ತಲೇ ಕೂರಬೇಕಾದೀತು.